ತೋಟದ ಮನೆಗೆ ಯಾವ ನಾಯಿ? ನಮ್ಮವರಿಗೆ ಹಸ್ಕಿ ಬೇಕಂತೆ, ನನಗೆ ಮಳೆಗಾಲದ ಚಿಂತೆ

ಪೊನ್ನಂಪೇಟೆ ಸೊಸೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೇವೆ. ಪೊನ್ನಂಪೇಟೆ ಕಡೆ ತೋಟ. ರೊಬಸ್ಟಾ ಕಾಫಿ ಜಾಸ್ತಿ, ಮರಕ್ಕೆಲ್ಲ ಮೆಣಸಿನ ಬಳ್ಳಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ಒಂದನೇ ಕ್ಲಾಸಿಗೆ ಹೋಗುವ ಮಗ. ಪಕ್ಕದಲ್ಲೇ ಮೂರು ರೂಮಿನ ಹೋಂಸ್ಟೇ. ಕೋಳಿಗಳಿವೆ, ಎರಡು ಬೆಕ್ಕುಗಳಿವೆ. ಗೇಟಿನಿಂದ ಮನೆಗೆ ತೋಟದೊಳಗೆ ಸಾಕಷ್ಟು ನಡೆಯಬೇಕು.

ನಾಯಿ ಬೇಕು ಅನ್ನುವುದರಲ್ಲಿ ತಕರಾರಿಲ್ಲ. ಯಾವ ನಾಯಿ ಅನ್ನುವುದರಲ್ಲೇ ಜಗಳ. ನಮ್ಮವರಿಗೆ ಸೈಬೀರಿಯನ್ ಹಸ್ಕಿ ಬೇಕು. "ಬೆಂಗಳೂರಲ್ಲೇ ಸಾಕ್ತಾರೆ, ಕೊಡಗು ತಂಪು ಅಲ್ವಾ, ಇಲ್ಲಿ ಇನ್ನೂ ಆರಾಮಾಗಿರುತ್ತೆ" ಅನ್ನುತ್ತಾರೆ. ಮಗನಿಗೆ ಪಗ್ ಬೇಕು. ನನಗೆ ಲ್ಯಾಬ್ರಡಾರ್ ಆಸೆ. ಅತ್ತೆ ಮಾತ್ರ "ಯಾವುದಾದರೂ ತನ್ನಿ, ಅನ್ನ ಹಾಕೋದು ನಾನೇ ತಾನೇ" ಎಂದು ಸುಮ್ಮನಾಗಿದ್ದಾರೆ.

ಯಾರಾದರೂ ಬಂದರೆ ನಮಗೆ ಗೊತ್ತಾಗಬೇಕು. ಗೆಸ್ಟ್‌ಗಳನ್ನು ಕಚ್ಚಬಾರದು. ಮಗನ ಜೊತೆ ಆಡಬೇಕು. ಕೋಳಿಗಳು ಉಳಿಯಬೇಕು. ಇಷ್ಟೂ ಒಂದೇ ನಾಯಿಯಲ್ಲಿ ಸಿಗುತ್ತದಾ? ತೋಟದಲ್ಲಿ ನಾಯಿ ಸಾಕಿದವರು ಹೇಳಿ.

ಮಡಿಕೇರಿ ಮಂಜು

ಕೋಳಿ ಉಳಿಯಬೇಕು ಅಂದರೆ ಹಸ್ಕಿಯ ಮಾತು ಇವತ್ತೇ ನಿಲ್ಲಿಸಿ.

ಕೋಳಿ ಬಿಟ್ಟು ಹೇಳುವುದಾದರೂ, ತಂಪು ಅನ್ನುವ ಲೆಕ್ಕವೇ ಸರಿಯಿಲ್ಲ. ಹಸ್ಕಿ ಸೈಬೀರಿಯಾದಲ್ಲಿ ಹಿಮದ ಮೇಲೆ ಗಾಡಿ ಎಳೆಯಲು ಬೆಳೆಸಿದ ನಾಯಿ. ಅಲ್ಲಿಯದು ಒಣ ಚಳಿ, ನಮ್ಮದು ಒದ್ದೆ ಚಳಿ. ಅದಕ್ಕೆ ಮೇಲೊಂದು ಕೂದಲು, ಒಳಗೆ ದಟ್ಟವಾದ ಇನ್ನೊಂದು ಕೂದಲು. ಜೂನ್‌ನಲ್ಲಿ ಒಳಗೂದಲು ನೆನೆದರೆ ಬೇಗ ಒಣಗುವುದಿಲ್ಲ. ಮಡಿಕೇರಿಯಲ್ಲಿ ನಮ್ಮ ಬಟ್ಟೆಗಳನ್ನೇ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ನಾಯಿಯನ್ನು ಎಲ್ಲಿ ಕಟ್ಟುತ್ತೀರಿ? ಹೇರ್ ಡ್ರೈಯರ್ ಹಾಕೋಣ ಅಂದರೆ ಕರೆಂಟ್ ಇರಬೇಕಲ್ಲ.

ಪಕ್ಕದ ಮನೆಯವರ ಹಸ್ಕಿಯನ್ನು ನೋಡಿದ್ದೇನೆ. ಬೇಲಿ ಕೆಳಗೆ ಮಣ್ಣು ಕೆರೆದು ಹೊರಗೆ ಹೋಗುತ್ತಿತ್ತು. ಓಡಿದರೆ ಕಿಲೋಮೀಟರ್‌ಗಟ್ಟಲೆ. ಕರೆದರೆ ತಿರುಗಿ ನೋಡುತ್ತದೆ, ಮತ್ತೆ ಓಡುತ್ತದೆ.

ಸಿದ್ದಾಪುರ ಬೈಕರ್

ಇಷ್ಟು ದೊಡ್ಡ ತೋಟ, ಗೇಟು ಅಷ್ಟು ದೂರ, ಅಪರಿಚಿತರು ಬಂದು ಹೋಗುವ ಹೋಂಸ್ಟೇ. ರಾಟ್‌ವೈಲರ್ ತನ್ನಿ ಮೇಡಂ. ಒಂದು ಸಲ ಎದುರು ನಿಂತರೆ ಸಾಕು, ಮೆಣಸು ಕದಿಯೋಕೆ ಬಂದವನು ಮತ್ತೆ ಈ ಕಡೆ ಬರುವುದಿಲ್ಲ.

ರೊಬಸ್ಟಾ ರಾಣಿ

ಮೆಣಸು ಕದಿಯುವವನು ಬರುವುದಿಲ್ಲ, ಸರಿ. ಬುಕಿಂಗ್ ಮಾಡಿ ಬಂದವರೂ ಮತ್ತೆ ಬರುವುದಿಲ್ಲ.

ನಾನೂ ಹೋಂಸ್ಟೇ ನಡೆಸುತ್ತೇನೆ. ರಾಟ್‌ವೈಲರ್ ಕೆಟ್ಟ ನಾಯಿ ಅಂತ ಹೇಳುತ್ತಿಲ್ಲ. ಚೆನ್ನಾಗಿ ಬೆಳೆಸಿದವರ ಮನೆಯಲ್ಲಿ ಮಗುವಿನ ಪಕ್ಕ ಮಲಗಿರುವುದನ್ನೂ ಕಂಡಿದ್ದೇನೆ. ಆದರೆ ವಾರಕ್ಕೊಮ್ಮೆ ಹೊಸ ಮುಖಗಳು, ರಾತ್ರಿ ಹನ್ನೊಂದಕ್ಕೆ ಬರುವ ಕಾರು, ಕ್ಯಾಂಪ್ ಫೈರ್ ಸುತ್ತ ಕುಣಿಯುವವರು, ನಾಯಿ ಕಂಡ ಕೂಡಲೇ ತಬ್ಬಿಕೊಳ್ಳಲು ಓಡುವ ಮಕ್ಕಳು. ತನ್ನ ಜಾಗ ಕಾಯುವುದೇ ಕೆಲಸ ಎಂದುಕೊಂಡ ನಾಯಿಗೆ ಇದು ದಿನವೂ ಪರೀಕ್ಷೆ. ಕೊನೆಗೆ ಅದನ್ನು ಶನಿವಾರ, ಭಾನುವಾರ ಗೂಡಿನಲ್ಲಿ ಹಾಕುತ್ತಾರೆ. ಗೂಡಿನಲ್ಲಿದ್ದು ಇನ್ನಷ್ಟು ಸಿಡುಕುತ್ತದೆ.

ಸಿದ್ದಾಪುರ ಬೈಕರ್

ರಾಟ್‌ವೈಲರ್ ಬ್ಯಾನ್ ಆಗಿದೆ ಅಂತಾನೂ ಯಾರೋ ಹೇಳಿದರು. ನಿಜಾನಾ?

ಬೆಟ್ಟದ ಪಶುವೈದ್ಯೆ

ಅದನ್ನು ಸರಿಯಾಗಿ ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ 23 ತಳಿಗಳ ಮಾರಾಟ, ಸಾಕಣೆ ನಿಲ್ಲಿಸಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಪಿಟ್‌ಬುಲ್, ರಾಟ್‌ವೈಲರ್ ಎಲ್ಲ ಅದರಲ್ಲಿದ್ದವು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಎಂದು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಎಲ್ಲರನ್ನೂ ಕೇಳಿ ಹೊಸದಾಗಿ ನಿಯಮ ತರಲು ಸರ್ಕಾರಕ್ಕೆ ಅವಕಾಶವನ್ನೂ ಬಿಟ್ಟಿತು. ಆದರೆ ಕಾನೂನು ಒಂದು ಕಡೆ ಇರಲಿ. ಗೆಸ್ಟ್‌ಗೆ ಕಚ್ಚಿದರೆ ಹೊಣೆ ಮಾಲೀಕರದ್ದೇ.

ಪೊನ್ನಂಪೇಟೆ ಸೊಸೆಯವರೇ, ತಳಿಯ ಹೆಸರಿನಿಂದ ಶುರು ಮಾಡಿದರೆ ಇದು ಮುಗಿಯುವುದಿಲ್ಲ. ನಾನು ನಾಲ್ಕು ಪ್ರಶ್ನೆ ಕೇಳುತ್ತೇನೆ. ಬೆಳಿಗ್ಗೆ ಹನ್ನೊಂದು ಗಂಟೆಗೆ ನಾಯಿಯ ಜೊತೆ ಯಾರಿರುತ್ತಾರೆ? ಜುಲೈನಲ್ಲಿ ಅದು ಎಲ್ಲಿ ಮಲಗುತ್ತದೆ? ಬಿಟ್ಟಾಗ ಕರೆದರೆ ಬರುವ ಹಾಗೆ ಕಲಿಸಲು ದಿನಾ ಯಾರಿಗೆ ಪುರುಸೊತ್ತಿದೆ? ರಾತ್ರಿ ಮನೆ ಒಳಗೆ ಬಿಡುತ್ತೀರಾ, ಇಲ್ಲವಾ?

ಪೊನ್ನಂಪೇಟೆ ಸೊಸೆ

ಹನ್ನೊಂದಕ್ಕೆ ಅತ್ತೆ ಒಬ್ಬರೇ ಡಾಕ್ಟ್ರೇ. ನಾವಿಬ್ಬರೂ ತೋಟದಲ್ಲೋ ಗೋಣಿಕೊಪ್ಪದಲ್ಲೋ ಇರುತ್ತೇವೆ. ಜಗಲಿಯಲ್ಲಿ ಮಲಗಲಿ ಅಂದುಕೊಂಡಿದ್ದೆ. ಉಳಿದದ್ದನ್ನು ಯೋಚಿಸಿಲ್ಲ.

ಮಾಜಿ ಹವಾಲ್ದಾರ್

ಜಗಲಿ ಬೇಡ ಮಗಳೇ. ನಿಮ್ಮ ಕಡೆ ಚಿರತೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡ. ಚಿರತೆಗೆ ನಾಯಿ ಸುಲಭದ ಊಟ. ಜಗಲಿಯಲ್ಲಿ ಚೈನ್ ಹಾಕಿ ಕಟ್ಟಿದ ನಾಯಿಗೆ ಓಡಲೂ ಆಗುವುದಿಲ್ಲ. ಜಾತಿ ಯಾವುದಾದರೂ ಸರಿ, ಕತ್ತಲಾದ ಮೇಲೆ ಮನೆ ಒಳಗೆ, ಇಲ್ಲವಾದರೆ ಮೇಲೂ ಕೆಳಗೂ ಮುಚ್ಚಿದ ಗಟ್ಟಿ ಕಬ್ಬಿಣದ ಗೂಡಿನಲ್ಲಿ. ರಾತ್ರಿ ಒಳಗಿದ್ದು ಬೊಗಳಿದರೂ ಕಾವಲು ಕಾವಲೇ.

ಆನೆಯ ವಿಷಯ ಅದಕ್ಕಿಂತ ದೊಡ್ಡದು. ನಾಯಿ ಹೋಗಿ ಆನೆಗೆ ಬೊಗಳುತ್ತದೆ. ಆನೆ ಅಟ್ಟಿಸಿಕೊಂಡು ಬರುತ್ತದೆ. ನಾಯಿ ಓಡಿ ಬರುವುದು ಎಲ್ಲಿಗೆ? ನಿನ್ನ ಕಾಲಿನ ಹತ್ತಿರಕ್ಕೆ. ಆದ್ದರಿಂದ ಕರೆದ ಕೂಡಲೇ ವಾಪಸ್ ಬರುವ ನಾಯಿ ತೋಟಕ್ಕೆ ಬೇಕು. ಬೀಗಲ್ ಮೂಗಿನ ಹಿಂದೆ ಹೋಗುತ್ತದೆ. ಮೊಲ ಹುಡುಕಲು ಇಂಗ್ಲೆಂಡಿನಲ್ಲಿ ಬೆಳೆಸಿದ್ದು ಅದು. ವಾಸನೆ ಸಿಕ್ಕಿತೋ, ಕಿವಿ ಕೇಳಿಸುವುದಿಲ್ಲ. ಹಸ್ಕಿಯೂ ಹಾಗೆಯೇ, ಮೇಲೆ ಹೇಳಿದ್ದಾರೆ. ಲ್ಯಾಬ್ ಆಗಲಿ, ಜರ್ಮನ್ ಶೆಫರ್ಡ್ ಆಗಲಿ ಕಲಿಸಿದರೆ ಮಾತು ಕೇಳುತ್ತದೆ. ಸೈನ್ಯದಲ್ಲಿ ಈ ಎರಡನ್ನೂ ಹತ್ತಿರದಿಂದ ನೋಡಿದ್ದೇನೆ. ಆದರೆ ಅಲ್ಲಿ ಒಂದು ನಾಯಿಗೆ ಒಬ್ಬ ಹ್ಯಾಂಡ್ಲರ್ ಇರುತ್ತಾನೆ. ಅವನಿಗೆ ಬೇರೆ ಕೆಲಸವೇ ಇಲ್ಲ. ನಿಮ್ಮ ಮನೆಯಲ್ಲಿ ಆ ಹ್ಯಾಂಡ್ಲರ್ ಯಾರು?

ಶೆಫರ್ಡ್‌ಗೆ ಕೆಲಸ ಕೊಡದಿದ್ದರೆ ಅದೇ ಒಂದು ಕೆಲಸ ಹುಡುಕಿಕೊಳ್ಳುತ್ತದೆ. ಹಾಲಿನವನನ್ನು ಗೇಟಿನಲ್ಲೇ ನಿಲ್ಲಿಸುತ್ತದೆ, ಮಕ್ಕಳನ್ನು ಒಂದು ಮೂಲೆಗೆ ಅಟ್ಟುತ್ತದೆ, ಟೈರ್ ಕಚ್ಚುತ್ತದೆ. ನನ್ನ ಮಾತು ಕೇಳಿದರೆ ಲ್ಯಾಬ್.

ಬಾಗಲಕೋಟೆ ಅಳಿಯ

ಎಲ್ಲರೂ ಫಾರಿನ್ ನಾಯಿಗಳನ್ನೇ ಹೇಳುತ್ತಿದ್ದೀರಿ. ನಮ್ಮದೇ ಮುಧೋಳ ನಾಯಿ ಯಾಕೆ ಬೇಡ? ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಸ್ಟಾಂಪ್ ತಂದಾಗ ಮುಧೋಳವೂ ಅದರಲ್ಲಿತ್ತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೂ ಹೋದವು. ಕೂದಲು ಗಿಡ್ಡ, ಬೇಗ ಒಣಗುತ್ತದೆ. ರೊಟ್ಟಿ, ಹಾಲು ಹಾಕಿದರೂ ತಿನ್ನುತ್ತದೆ. ಮದುವೆಯಾಗಿ ಕುಶಾಲನಗರಕ್ಕೆ ಬಂದಾಗ ನಾನು ಒಂದನ್ನು ತಂದಿದ್ದೇನೆ. ಆರಾಮಾಗಿದೆ.

ಮಾಜಿ ಹವಾಲ್ದಾರ್

ಅಳಿಯಂದಿರೇ, ಮುಧೋಳದ ಮೇಲೆ ನನಗೆ ಗೌರವವಿದೆ. ಆದರೆ ಅದು ಕಣ್ಣಿಂದ ಬೇಟೆ ಆಡುವ ನಾಯಿ. ದೂರದಲ್ಲಿ ಏನಾದರೂ ಓಡಿದರೆ ಸಾಕು, ಹಿಂದೆ ಹಾರುತ್ತದೆ. ಬಯಲು ಸೀಮೆಗೆ ಅದು ಸರಿ. ಇಲ್ಲಿ ತೋಟದೊಳಗೆ ಕಾಫಿ ಗಿಡದ ಕಡ್ಡಿ, ಮುಳ್ಳುತಂತಿ, ಸೋಲಾರ್ ಬೇಲಿ. ಅದರ ಚರ್ಮ ತೆಳು, ಆ ವೇಗದಲ್ಲಿ ಸಿಕ್ಕಿದ ಕಡೆ ಹರಿದುಕೊಳ್ಳುತ್ತದೆ. ಕಾಡುಕುರಿಯ ಹಿಂದೆ ಹೋದರೆ ಪಕ್ಕದ ತೋಟದವನ ಉರುಳಿಗೆ ಬೀಳುತ್ತದೆ.

ಹಿಂದೆ ನಮ್ಮ ಐನ್‌ಮನೆಗಳಲ್ಲಿ, ಅಂದರೆ ಕುಲದ ಹಿರಿಯರ ಮನೆಗಳಲ್ಲಿ, ಶಿಕಾರಿಗೆಂದೇ ನಾಯಿ ಸಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಾಲ ಮುಗಿಯಿತು. ಓಡಿಸುವ ಹುಮ್ಮಸ್ಸಿರುವ ನಾಯಿ ಈಗ ತೋಟಕ್ಕೆ ತೊಂದರೆಯೇ.

ಬಾಗಲಕೋಟೆ ಅಳಿಯ

ಕೋಳಿಯ ಮಾತು ಒಪ್ಪುತ್ತೇನೆ ಸರ್. ನಮ್ಮ ಓಣಿಯ ಬೆಕ್ಕುಗಳು ಈಗ ಗೋಡೆ ಮೇಲೆಯೇ ಓಡಾಡುತ್ತವೆ. ಆದರೆ ಕುಶಾಲನಗರಕ್ಕೆ ಬೀಳುವ ಮಳೆಯ ಹಲವು ಪಟ್ಟು ಭಾಗಮಂಡಲಕ್ಕೆ ಬೀಳುತ್ತದೆ. "ಕೊಡಗಿಗೆ ಯಾವ ನಾಯಿ" ಅಂತ ಒಂದೇ ಉತ್ತರ ಹೇಗೆ ಕೊಡುವುದು? ನನಗೆ ಇಲ್ಲಿ ಗೋಡೆ ಕಟ್ಟಿದ ಸೈಟಿದೆ, ಬೆಳಿಗ್ಗೆ ಐದೂವರೆಗೆ ಸೈಕಲ್ ಜೊತೆ ಓಡಿಸುತ್ತೇನೆ. ನನಗೆ ಸರಿಹೊಂದಿದೆ.

ಬೆಟ್ಟದ ಪಶುವೈದ್ಯೆ

ಸರಿಯಾಗಿ ಹೇಳಿದಿರಿ. ಒಂದೇ ಜಿಲ್ಲೆಯಲ್ಲೇ ಉತ್ತರ ಬದಲಾಗುತ್ತದೆ. ಮುಧೋಳದ ಮೈಯಲ್ಲಿ ಕೊಬ್ಬು ಕಡಿಮೆ. ಮಡಿಕೇರಿ, ಭಾಗಮಂಡಲ ಕಡೆ ಡಿಸೆಂಬರ್ ರಾತ್ರಿಗೆ ಒಳಗೆ ಬೆಚ್ಚಗಿನ ಜಾಗ ಬೇಕೇ ಬೇಕು.

ಈಗ ಹೇಳುವುದು ನನ್ನ ಟೇಬಲ್ ಮೇಲೆ ದಿನಾ ಕಾಣುವ ಸಂಗತಿ. ಪೊನ್ನಂಪೇಟೆ ಮನೆಯವರ ಆಸೆಗಳನ್ನೇ ತೆಗೆದುಕೊಳ್ಳುತ್ತೇನೆ.

ಲ್ಯಾಬ್ರಡಾರ್ ಮೂಲದಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯ ಮೀನುಗಾರರ ನಾಯಿ. ಕೂದಲಿನಲ್ಲಿ ಎಣ್ಣೆಯ ಅಂಶವಿದೆ, ನೀರು ಬೇಗ ಜಾರುತ್ತದೆ. ಮಳೆಗೆ ಹೆದರುವ ನಾಯಿಯೇ ಅಲ್ಲ. ತೊಂದರೆ ಬೇರೆ ಎರಡು ಕಡೆ. ಜೋತುಬಿದ್ದ ಕಿವಿಯೊಳಗೆ ತೇವ ನಿಂತು ಫಂಗಸ್ ಬರುತ್ತದೆ. ಮಳೆಗಾಲದಲ್ಲಿ ಕಿವಿ ಒರೆಸಿ ಒಣಗಿಸುವುದು ಮಾಮೂಲಿ ಕೆಲಸವಾಗಬೇಕು. ಇನ್ನೊಂದು ಹೊಟ್ಟೆ. ಅನೇಕ ಲ್ಯಾಬ್‌ಗಳಲ್ಲಿ ಹಸಿವು ತಣಿಯದ ಹಾಗೆ ಮಾಡುವ ಒಂದು ಜೀನ್ ದೋಷ ಇರುವುದು 2016ರಲ್ಲೇ ಗೊತ್ತಾಗಿದೆ. ಅದಕ್ಕೆ ಹೋಂಸ್ಟೇ ಸೇರಿಸಿ ನೋಡಿ. ಪ್ರತಿ ಗೆಸ್ಟೂ ಒಂದು ತುಂಡು ಹಾಕುತ್ತಾರೆ. ದಪ್ಪಗಾದ ಲ್ಯಾಬ್‌ನ ಸೊಂಟದ ಕೀಲು ಬೇಗ ಹಾಳಾಗುತ್ತದೆ. ಮರಿ ತರುವಾಗ ತಂದೆ, ತಾಯಿಯ ಸೊಂಟದ ಎಕ್ಸ್‌ರೇ ಇದೆಯಾ ಎಂದು ಕೇಳಿ. ಕೆನಲ್ ಕ್ಲಬ್ ಪೇಪರ್ ವಂಶ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ.

ಪಗ್ ಮಕ್ಕಳಿಗೆ ಮುದ್ದು. ಮೂಗು ಚಪ್ಪಟೆಯಾದ್ದರಿಂದ ಉಸಿರಾಟವೇ ಕಷ್ಟ. ಮುಖದ ಮಡಿಕೆಯೊಳಗೆ ತೇವ ನಿಂತು ಹುಣ್ಣಾಗುತ್ತದೆ. ತೋಟದ ಏರು ಹತ್ತಿಸಬೇಡಿ. ಫ್ಲಾಟ್‌ನಲ್ಲಿರುವವರೇ ಎರಡು ಸಲ ಯೋಚಿಸಬೇಕಾದ ನಾಯಿ ಅದು.

ಡ್ಯಾಶುಂಡ್ ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಮನೆಗಳಿಗೆ ಮೆಟ್ಟಿಲು ಜಾಸ್ತಿ. ಉದ್ದ ಬೆನ್ನಿನ ನಾಯಿ ಹತ್ತಿ ಇಳಿದು, ಹಾರಿ, ಬೆನ್ನುಮೂಳೆಯ ಡಿಸ್ಕ್ ಜಾರಿಸಿಕೊಳ್ಳುತ್ತದೆ. ಹೊಟ್ಟೆ ನೆಲಕ್ಕೆ ತಾಗುವುದರಿಂದ ಜಿಗಣೆಗೂ ಹಬ್ಬ.

ಇನ್ನು ಉಣ್ಣಿ. ಟಿಕ್ ಫೀವರ್‌ಗೆ ಬರುವ ನಾಯಿಗಳಲ್ಲಿ ದೇಸಿ ನಾಯಿಗಳು ಸಾಮಾನ್ಯವಾಗಿ ಬೇಗ ಎದ್ದು ನಿಲ್ಲುತ್ತವೆ. ಶೆಫರ್ಡ್‌ಗಳು ತುಂಬಾ ನರಳುತ್ತವೆ. ದಟ್ಟ ಕೂದಲಿನಲ್ಲಿ ಉಣ್ಣಿ ಕಾಣುವುದೂ ಇಲ್ಲ. ದನಕ್ಕೆ ತಂದ ಔಷಧಿಯನ್ನು ಅಂದಾಜಿನಲ್ಲಿ ನಾಯಿಗೆ ಬಳಸಬೇಡಿ. ಮುಖ್ಯವಾಗಿ ಕೋಲಿ ಜಾತಿಯವಕ್ಕೆ. ಅವುಗಳಲ್ಲಿ ಅನೇಕಕ್ಕೆ ಎಂಡಿಆರ್1 ಎಂಬ ಜೀನ್ ದೋಷವಿದೆ. ಇಂಥ ಕೆಲವು ಔಷಧಿಗಳಲ್ಲಿರುವ ಐವರ್‌ಮೆಕ್ಟಿನ್ ನೇರ ಮೆದುಳಿಗೆ ಹೋಗಿ ಜೀವಕ್ಕೇ ಕುತ್ತು ತರಬಹುದು. ಕೋಲಿ ತರುವ ಆಸೆಯಿರುವವರು ಇದನ್ನು ಮೊದಲು ತಿಳಿದಿರಬೇಕು.

ನಾಪೋಕ್ಲು ನಳಪಾಕ

ಡಾಕ್ಟರ್, ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡಿದ ದಿನ ಮೂಳೆ ನಾಯಿಗೇ ಅಲ್ವಾ? ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಹಾಗೇ.

ಬೆಟ್ಟದ ಪಶುವೈದ್ಯೆ

ಬೇಯಿಸಿದ ಮೂಳೆ ಚೂಪಾಗಿ ಒಡೆಯುತ್ತದೆ, ಕರುಳಿಗೆ ಚುಚ್ಚುತ್ತದೆ. ಅದಕ್ಕಿಂತ ಜಾಸ್ತಿ ನೋಡುವುದು ಕೊಬ್ಬಿನ ತೊಂದರೆ. ಹಬ್ಬದ ಮರುದಿನ ವಾಂತಿ, ಬಾಗಿ ನಿಂತ ಬೆನ್ನು, ಹೊಟ್ಟೆ ಮುಟ್ಟಿದರೆ ನೋವು. ಮೇದೋಜೀರಕ ಗ್ರಂಥಿ ಊದಿಕೊಂಡಿರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ನಾಯಿಗೆ ವಿಷವೇ. ಮಸಾಲೆ ಹಾಕುವ ಮೊದಲೇ ಎರಡು ತುಂಡು ಬೇಯಿಸಿದ ಮಾಂಸ ತೆಗೆದಿಡಿ, ಅಷ್ಟು ಸಾಕು.

ಕಣದಲ್ಲಿ ಒಣಗಲು ಹಾಕಿದ ಕಾಫಿಯಿಂದಲೂ ದೂರ ಇರಿಸಿ. ಕೆಫೀನ್ ನಾಯಿಯ ಹೃದಯಕ್ಕೆ ಒಳ್ಳೆಯದಲ್ಲ. ಹಣ್ಣಿನ ಸಿಪ್ಪೆ ಸಿಹಿ, ಮರಿಗಳು ತಿನ್ನುತ್ತವೆ. ಇಲಿ ಪಾಷಾಣ, ಬಸವನಹುಳಕ್ಕೆ ಹಾಕುವ ಮದ್ದು, ಇವೆರಡೂ ಇನ್ನೂ ಅಪಾಯ. ಕಂಡದ್ದೆಲ್ಲ ಬಾಯಿಗೆ ಹಾಕುವ ಲ್ಯಾಬ್ ತರುವುದಾದರೆ ಗೋದಾಮಿನ ಬಾಗಿಲು ಮೊದಲು ಸರಿಮಾಡಿ.

ವೀಕೆಂಡ್ ತೋಟ

ನನ್ನದು ಬೇರೆ ಕೇಸ್. ಮೈಸೂರಿನಲ್ಲಿ ಕೆಲಸ, ಸೋಮವಾರಪೇಟೆ ಹತ್ತಿರ ಸ್ವಲ್ಪ ತೋಟ. ಶನಿವಾರ ಬಂದು ಭಾನುವಾರ ಹೋಗುತ್ತೇನೆ. ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಅನ್ನ ಹಾಕುತ್ತಾನೆ. ತೋಟ ಕಾಯಲು ಡಾಬರ್‌ಮನ್ ಒಳ್ಳೆಯದಾ, ಶೆಫರ್ಡ್ ಒಳ್ಳೆಯದಾ?

ರೊಬಸ್ಟಾ ರಾಣಿ

ಸಿಸಿಟಿವಿ ಒಳ್ಳೆಯದು.

ವೀಕೆಂಡ್ ತೋಟ

ತಮಾಷೆ ಬೇಡ ಮೇಡಂ, ಸೀರಿಯಸ್ ಆಗಿ ಕೇಳಿದೆ.

ಮಾಜಿ ಹವಾಲ್ದಾರ್

ಅವರು ಹೇಳಿದ್ದೂ ಸೀರಿಯಸ್ಸೇ. ಡಾಬರ್‌ಮನ್ ಮನುಷ್ಯರಿಗೆ ಅಂಟಿಕೊಂಡಿರುವ ನಾಯಿ. ವಾರದಲ್ಲಿ ಐದು ದಿನ ಖಾಲಿ ಬಂಗಲೆಯ ಮುಂದೆ ಕಟ್ಟಿಹಾಕಿದರೆ ಹುಚ್ಚು ಹಿಡಿದಂತೆ ಆಡುತ್ತದೆ. ಗಿಡ್ಡ ಕೂದಲು, ಚಳಿಗೆ ನಡುಗುತ್ತದೆ. ಅನ್ನ ಹಾಕುವವನು ರೈಟರ್, ಹಾಗಾದರೆ ನಾಯಿ ರೈಟರ್‌ನದು. ಅವನು ಕೆಲಸ ಬಿಟ್ಟು ಹೋದ ದಿನ ನಾಯಿಯ ಗತಿ ಏನು? ಅವನಿಗೆ ಬೇಕಾದ ನಾಯಿಯನ್ನು ಅವನೇ ಸಾಕಲಿ, ಲಸಿಕೆ, ಔಷಧಿಯ ಖರ್ಚು ನೀವು ಕೊಡಿ. ಅದಾದರೆ ನಡೆಯುತ್ತದೆ.

ಮಡಿಕೇರಿ ಮಂಜು

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು ಕಡೆಯಿಂದ ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ಎಷ್ಟೋ ನಾಯಿಗಳು ಮನೆಯಲ್ಲೇ ಉಳಿದವು. ಕಟ್ಟಿದ್ದವಕ್ಕೆ ತಪ್ಪಿಸಿಕೊಳ್ಳಲೂ ದಾರಿ ಇರಲಿಲ್ಲ. ಎತ್ತಿಕೊಂಡು ಜೀಪಿಗೆ ಹಾಕಲು ಆಗುವ ನಾಯಿಯಾ ಅನ್ನುವುದನ್ನೂ ನಾನು ಈಗ ಯೋಚಿಸುತ್ತೇನೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್ ಆಸೆ ಇರುವವರು ಅದನ್ನು ಎತ್ತುವುದು ಯಾರು ಎಂದು ಹೇಳಲಿ.

ಲೈನ್‌ಮನೆ ಪಕ್ಕದವಳು

ಇಷ್ಟು ಹೊತ್ತು ಓದಿದೆ. ನಾಟಿ ನಾಯಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲ, ಡಾಕ್ಟರ್ ಒಬ್ಬರು ಉಣ್ಣಿ ವಿಷಯದಲ್ಲಿ ಹೇಳಿದ್ದು ಬಿಟ್ಟರೆ.

ಸೊಸೆಯವರ ಪಟ್ಟಿ ಇನ್ನೊಂದು ಸಲ ನೋಡಿ. ಯಾರಾದರೂ ಬಂದರೆ ಹೇಳಬೇಕು. ಇದರಲ್ಲಿ ನಾಟಿ ನಾಯಿಯನ್ನು ಯಾವುದೂ ಮೀರಿಸುವುದಿಲ್ಲ. ಮಳೆಗೆ ಗಿಡ್ಡ ಕೂದಲು. ಊಟಕ್ಕೆ ಮನೆಯ ಅನ್ನ, ಮೊಟ್ಟೆ, ಮೀನು. ಹದಿನೈದು, ಇಪ್ಪತ್ತು ಕೆಜಿ ತೂಕ, ಅತ್ತೆಗೆ ಎಳೆದು ಬೀಳಿಸುವ ಭಯ ಕಡಿಮೆ. ಕೋಳಿಗಳ ನಡುವೆ ಚಿಕ್ಕಂದಿನಿಂದ ಬೆಳೆದರೆ ಸುಮಾರಾಗಿ ಕೋಳಿ ತಂಟೆಗೆ ಹೋಗುವುದಿಲ್ಲ. ತೋಟದ ಕೆಲಸಗಾರರಿರುವ ನಮ್ಮ ಲೈನ್‌ಮನೆಯಲ್ಲಿ ಈಗಲೇ ಮರಿಗಳಿವೆ. ತಾಯಿ ಕೋಳಿ ಜೊತೆಯೇ ಮಲಗುತ್ತಾಳೆ. ಬಂದು ನೋಡಬಹುದು, ದುಡ್ಡೇನೂ ಬೇಡ.

ಸಿದ್ದಾಪುರ ಬೈಕರ್

ನಾಟಿ ನಾಯಿ ಗೆಸ್ಟ್‌ಗಳಿಗೆ ತೋರಿಸೋಕೆ ಚೆನ್ನಾಗಿರಲ್ಲ ಅಲ್ವಾ? ಫೋಟೋಗೆ ಹಸ್ಕಿ ಬೇರೆಯೇ.

ರೊಬಸ್ಟಾ ರಾಣಿ

ನಮ್ಮ ಮನೆಯ ನಾಟಿ ನಾಯಿಯ ಫೋಟೋ ನಮ್ಮ ಕಾಫಿ ಕುಯ್ಲಿನ ಫೋಟೋಗಿಂತ ಜಾಸ್ತಿ ಓಡಾಡಿದೆ. ಗೆಸ್ಟ್‌ಗಳನ್ನು ತೋಟ ಸುತ್ತಿಸುವುದು ಅವನೇ. ಮುಂದೆ ಮುಂದೆ ಹೋಗುತ್ತಾನೆ, ತಿರುವಿನಲ್ಲಿ ನಿಂತು ಕಾಯುತ್ತಾನೆ. ಬಿಲ್ಲಿಗೆ ಅವನ ಹೆಸರು ಸೇರಿಸಬೇಕು ಅನಿಸುತ್ತದೆ.

ಒಂದು ಸತ್ಯ ಮಾತ್ರ ಹೇಳಬೇಕು. ಬೊಗಳುತ್ತಾನೆ. ರಾತ್ರಿ ಹಂದಿ ಬಂದರೆ, ಮರನಾಯಿ ಬಂದರೆ, ಎಲೆ ಬಿದ್ದರೆ. ಮೊದಲೇ ಬುಕಿಂಗ್ ಮೆಸೇಜ್‌ನಲ್ಲಿ ಬರೆದುಬಿಡುತ್ತೇನೆ. "ಮನೆಯಲ್ಲಿ ನಾಯಿ ಇದೆ, ರಾತ್ರಿ ಬೊಗಳುತ್ತದೆ, ನಿಮ್ಮ ನಾಯಿ ತರಬೇಡಿ."

ಮಾಜಿ ಹವಾಲ್ದಾರ್

ನಾಟಿ ನಾಯಿಗೆ ನನ್ನ ವಿರೋಧವಿಲ್ಲ. ಆದರೆ ಎಲ್ಲ ನಾಟಿ ಮರಿಗಳೂ ಒಂದೇ ಸ್ವಭಾವ ಎಂದು ತಿಳಿಯಬೇಡ ಮಗಳೇ. ಲ್ಯಾಬ್ ತಂದರೆ ಏನು ಬರುತ್ತದೆ ಎಂದು ಮುಕ್ಕಾಲು ಪಾಲು ಮೊದಲೇ ಹೇಳಬಹುದು. ನಾಟಿ ಮರಿಯಲ್ಲಿ ತಾಯಿಯನ್ನು ನೋಡಿಯೇ ಅಂದಾಜು ಮಾಡಬೇಕು. ತಾಯಿ ಮನುಷ್ಯರನ್ನು ಕಂಡು ಓಡಿದರೆ ಮರಿಯೂ ಅಂಜುಬುರುಕ ಆಗಬಹುದು. ಅಂಜುವ ನಾಯಿಯೇ ಮೊದಲು ಕಚ್ಚುವುದು.

ಇನ್ನೊಂದು. ನಮ್ಮಲ್ಲಿ ಸುಗ್ಗಿ ಹಬ್ಬ ಪುತ್ತರಿಯ ದಿನ ಕದಿರು (ಭತ್ತದ ತೆನೆ) ತೆಗೆಯುವಾಗ ಗುಂಡು ಹಾರಿಸುತ್ತಾರೆ, ಆಮೇಲೆ ಪಟಾಕಿ. ಆಯುಧ ಪೂಜಿಸುವ ಕೈಲ್‌ಪೊಳ್ದ್‌ ಹಬ್ಬಕ್ಕೂ ಕೋವಿ ಹೊರಗೆ ಬರುತ್ತದೆ. ಆನೆ ಓಡಿಸಲು ವರ್ಷವಿಡೀ ಪಟಾಕಿ. ಸದ್ದಿಗೆ ಬೆದರುವ ನಾಯಿ ಆ ರಾತ್ರಿ ಬೇಲಿ ಹಾರಿ ಕಾಣೆಯಾಗುತ್ತದೆ. ಮರಿ ಆರಿಸುವಾಗ ಹಿಂದೆ ನಿಂತು ಒಂದು ಪಾತ್ರೆ ಕೆಳಗೆ ಬೀಳಿಸಿ ನೋಡು. ಬೆಚ್ಚಿ ಬೀಳುವುದು ಸಹಜ. ಬೆಚ್ಚಿದ ಮೇಲೆ ಪಾತ್ರೆಯನ್ನು ಮೂಸಲು ಬರುವ ಮರಿಯನ್ನು ತೆಗೆದುಕೋ. ಮೂಲೆ ಸೇರಿ ಹೊರಗೆ ಬಾರದ ಮರಿ ನಿಮ್ಮ ಹೋಂಸ್ಟೇಗಲ್ಲ, ಶಾಂತವಾದ ಮನೆಗೆ.

ಬೆಟ್ಟದ ಪಶುವೈದ್ಯೆ

ಹವಾಲ್ದಾರ್ ಸರ್ ಹೇಳಿದ ಪಾತ್ರೆಯ ಪರೀಕ್ಷೆ ನಾನೂ ಮಾಡುತ್ತೇನೆ.

ನಾಟಿ ನಾಯಿಗೆ ಏನೂ ಬೇಡ, ತಾನೇ ಬದುಕುತ್ತದೆ ಅನ್ನುವ ಮಾತು ಮಾತ್ರ ನಂಬಬೇಡಿ. ಪಾರ್ವೋ ಎಂಬ ವೈರಸ್ ರೋಗ ಬಂದರೆ ನಾಟಿ ಮರಿಯೂ ಸಾಯುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಮೂರು ನಾಲ್ಕು ವಾರಕ್ಕೊಮ್ಮೆ ಮತ್ತೆ, ನಾಲ್ಕು ತಿಂಗಳಾಗುವವರೆಗೆ. ರೇಬಿಸ್‌ಗೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಇಲಿ ಜ್ವರದ ಲಸಿಕೆ ನಮ್ಮಂಥ ಮಳೆಯ ಊರಿನಲ್ಲಿ ಬಿಡಲೇಬಾರದು. ಅದು ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುತ್ತದೆ, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಹಾಕಿಸಿ. ತೊರೆಯ ನೀರು ಕುಡಿದ ನಾಯಿಯ ಮೂಗಿನೊಳಗೆ ಜಿಗಣೆ ಸೇರಿಕೊಂಡಿರುವುದನ್ನೂ ತೆಗೆದಿದ್ದೇನೆ. ಒಂದೇ ಹೊಳ್ಳೆಯಿಂದ ರಕ್ತ ಬಂದು ಸೀನುತ್ತಿದ್ದರೆ ಅದೇ ಇರಬಹುದು. ನೀವೇ ಎಳೆಯಬೇಡಿ.

ಹಾವು ಕಚ್ಚಿದರೆ ಕೂಡ ಬೇಗ ಬನ್ನಿ. ನಾಗರ, ಕಟ್ಟುಹಾವು, ಕೊಳಕುಮಂಡಲಕ್ಕೆ ಔಷಧಿ ಇದೆ. ನಮ್ಮ ಕಾಡಿನ ಪಿಟ್ ವೈಪರ್‌ಗಳಿಗೆ ಅದು ಕೆಲಸ ಮಾಡುವುದಿಲ್ಲ, ಬೇರೆ ಚಿಕಿತ್ಸೆ ಕೊಡಬೇಕಾಗುತ್ತದೆ. ಕಚ್ಚಿದ ಹಾವಿನ ಫೋಟೋ ದೂರದಿಂದ ಸಿಕ್ಕರೆ ತನ್ನಿ, ಹಾವನ್ನು ಹಿಡಿದು ತರಬೇಡಿ. ತಂದವರಿದ್ದಾರೆ.

ವೀಕೆಂಡ್ ತೋಟ

ರೈಟರ್‌ನನ್ನು ಕೇಳಿದೆ. "ನನ್ನ ಹತ್ತಿರ ಈಗಾಗಲೇ ಒಂದು ಕರಿಯ ಇದ್ದಾನಲ್ಲ ಸರ್, ನೀವು ನೋಡೇ ಇಲ್ವಾ?" ಅಂದ. ಡಾಬರ್‌ಮನ್ ವಿಚಾರ ಬಿಟ್ಟೆ. ಕರಿಯನಿಗೆ ಲಸಿಕೆ ಹಾಕಿಸುತ್ತಿದ್ದೇನೆ.

ಬಾಗಲಕೋಟೆ ಅಳಿಯ

ಲ್ಯಾಬ್‌ ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ. ಮರಿಯೇ ಯಾಕೆ? ಬೆಂಗಳೂರು, ಮೈಸೂರಿನಲ್ಲಿ ಮನೆ ಬದಲಾಯಿಸುವಾಗ ದೊಡ್ಡ ಲ್ಯಾಬ್‌ಗಳನ್ನು ಬಿಟ್ಟುಕೊಡುವವರು ಎಷ್ಟು ಜನ! ಮೂರು, ನಾಲ್ಕು ವರ್ಷದ ನಾಯಿಯ ಸ್ವಭಾವ ಎದುರಿಗೇ ಕಾಣುತ್ತದೆ. ಟೇಬಲ್ ಕಾಲು ಕಡಿಯುವ ವಯಸ್ಸೂ ಮುಗಿದಿರುತ್ತದೆ.

ಪೊನ್ನಂಪೇಟೆ ಸೊಸೆ

ಇಡೀ ಚರ್ಚೆಯನ್ನು ನಿನ್ನೆ ರಾತ್ರಿ ಅತ್ತೆಗೆ ಓದಿ ಹೇಳಿದೆ. ನಮ್ಮವರೂ ಕೂತು ಕೇಳಿದರು. ಡಾಕ್ಟರ್ ಕೇಳಿದ ಹನ್ನೊಂದು ಗಂಟೆಯ ಪ್ರಶ್ನೆಗೆ ಅತ್ತೆ ನಕ್ಕುಬಿಟ್ಟರು. ಆಮೇಲೆ ಅವರೇ ಕೇಳಲು ಶುರು ಮಾಡಿದರು. "ಲ್ಯಾಬ್ ಎಷ್ಟು ತೂಕ ಬರುತ್ತೆ? ಮೂವತ್ತು ಕೆಜಿನಾ? ಅದು ಖುಷಿಯಲ್ಲಿ ಹಾರಿದರೆ ನನ್ನ ಮಂಡಿ ಏನಾಗುತ್ತೆ? ಕೂದಲು ಉದುರಿದರೆ ಗುಡಿಸೋದು ಯಾರು? ಹಸ್ಕಿಗೆ ದಿನಾ ಓಡಿಸಬೇಕಂತಲ್ಲ, ಇವನು ಬೆಳಿಗ್ಗೆ ಏಳೋದೇ ಎಂಟಕ್ಕೆ." ನಮ್ಮವರು ಉತ್ತರ ಕೊಡಲಿಲ್ಲ.

ಆಮೇಲೆ ಅವರ ತವರಿನಲ್ಲಿದ್ದ ನಾಯಿಗಳ ಕಥೆ ಬಂತು. ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಅವರಿಗೆ ನಾಯಿ ಕಲಿಸುವುದು ಇಷ್ಟು ಚೆನ್ನಾಗಿ ಬರುತ್ತದೆ ಅಂತ. ಲೈನ್‌ಮನೆ ಪಕ್ಕದವರೇ, ಇವತ್ತು ಸಂಜೆ ಅತ್ತೆಯನ್ನು ಕರೆದುಕೊಂಡು ಬರಬಹುದಾ? ಹೆಣ್ಣು ಮರಿ ಬೇಕಂತೆ. ಪಾತ್ರೆ ಅವರೇ ತರುತ್ತಾರಂತೆ.

ರಾತ್ರಿಗೆ ಅಡುಗೆಮನೆ ಪಕ್ಕದ ಬಚ್ಚಲೊಲೆಯ ಕೋಣೆ. ಬೆಚ್ಚಗಿರುತ್ತದೆ, ಬಾಗಿಲೂ ಗಟ್ಟಿ.

ಲೈನ್‌ಮನೆ ಪಕ್ಕದವಳು

ಬನ್ನಿ ಅಕ್ಕ, ಅಮ್ಮನನ್ನೂ ಕರೆದುಕೊಂಡು ಬನ್ನಿ. ಎರಡು ಹೆಣ್ಣು ಮರಿಗಳಿವೆ. ಆದರೆ ಇವತ್ತೇ ಕೊಡುವುದಿಲ್ಲ, ನೋಡಿಕೊಂಡು ಹೋಗಿ. ಮರಿಗಳಿಗೆ ಇನ್ನೂ ಆರು ವಾರ ತುಂಬಿಲ್ಲ.

ಬೆಟ್ಟದ ಪಶುವೈದ್ಯೆ

ಒಳ್ಳೆಯದು. ಎಂಟು ವಾರದ ತನಕ ತಾಯಿಯ ಹತ್ತಿರವೇ ಇರಲಿ. ಮಾರಾಟದ ಮರಿಗಳಿಗೆ 2017ರ ನಿಯಮದಲ್ಲೇ ಈ ವಯಸ್ಸು ಹೇಳಿದೆ, ಸುಮ್ಮನೆ ಕೊಡುವ ಮರಿಗೂ ಅದೇ ಒಳ್ಳೆಯದು. ಕಚ್ಚುವ ಜೋರು ಎಷ್ಟಿರಬೇಕು ಎಂದು ಮರಿ ಕಲಿಯುವುದು ಒಡಹುಟ್ಟಿದವರ ಜೊತೆ ಆಡುವಾಗ.

ಹೆಣ್ಣು ಮರಿಯಾದರೆ ಸುಮಾರು ಆರು ತಿಂಗಳಾದ ಮೇಲೆ ಸಂತಾನಹರಣದ ಆಪರೇಷನ್ ಮಾಡಿಸಿ. ಲೈನ್‌ಮನೆಯ ತಾಯಿಗೂ ಮಾಡಿಸೋಣ. ಮರಿಗಳು ಹಾಲು ಬಿಟ್ಟ ಮೇಲೆ ನನಗೆ ಹೇಳಿ. ಇಲ್ಲವಾದರೆ ಮುಂದಿನ ಸಲ ಇನ್ನಷ್ಟು ಮರಿಗಳಿಗೆ ಮನೆ ಹುಡುಕಬೇಕಾಗುತ್ತದೆ.

ಸಿದ್ದಾಪುರ ಬೈಕರ್

ಹಾಗಾದರೆ ಹಸ್ಕಿ ಯಾರಿಗೂ ಬೇಡವಾ? ಮೈಸೂರಿನಲ್ಲಿ ನನ್ನ ಫ್ರೆಂಡ್ ಹತ್ತಿರ ನೀಲಿ ಕಣ್ಣಿನ ಮರಿಗಳಿವೆ, ಬೆಲೆ ಕಡಿಮೆ ಮಾಡಿಸುತ್ತೇನೆ.

ವೇದಿಕೆ ನಿರ್ವಾಹಕ

ಇಲ್ಲಿ ಮರಿ ಮಾರಾಟದ ಪೋಸ್ಟ್‌ಗೆ ಅವಕಾಶವಿಲ್ಲ. ಇನ್ನೊಂದು ಸಲ ಹಾಕಿದರೆ ತೆಗೆದುಹಾಕುತ್ತೇವೆ.

ಮಾಜಿ ಹವಾಲ್ದಾರ್

ಬೈಕರ್ ಮರಿ, ಅಷ್ಟು ಇಷ್ಟವಿದ್ದರೆ ಒಂದನ್ನು ನೀನೇ ಇಟ್ಟುಕೋ. ಆದರೆ ಬೆಳಿಗ್ಗೆ ಐದಕ್ಕೆ ಏಳಬೇಕು, ಬೈಕ್ ಬಿಟ್ಟು ಓಡಬೇಕು.

ಸಿದ್ದಾಪುರ ಬೈಕರ್

ಬೇಡ ಅಂಕಲ್.